ಬಯಲ ಭೋಜನಕ್ಕೆ ಬಿಸುಪು

ಡಿಸೆಂಬರಿನ ಕೊನೆಯ ದಿನಗಳಲ್ಲಿ ಪ್ಯಾರಿಸ್ ನಗರದಲ್ಲಿ ಸಂಜೆ ಐದು ಗಂಟೆಯ ಹೊತ್ತಿಗೇ ಸೂರ್ಯಾಸ್ತವಾಗುತ್ತದೆ. ಜನವರಿಯಲ್ಲಿ ಅಲ್ಲಿಯ ಸರಾಸರಿ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್. ಮೋಡ ಕವಿದ ಆಕಾಶ, ಒದ್ದೆಯಾದ ಕಲ್ಲುಹಾಸು, ಸೇನ್ ನದಿಯ ಕಡೆಯಿಂದ ಬರುವ ತೇವದ ಗಾಳಿ, ಇವಿಷ್ಟೂ ಮನುಷ್ಯನನ್ನು ಮನೆಯೊಳಕ್ಕೆ ಅಟ್ಟುವುದಕ್ಕೆ ಧಾರಾಳವಾಗಿ ಸಾಕು. ಹೀಗಿದ್ದರೂ ಆ ನಗರದ ಜನರು ಕಾಫಿಗೃಹಗಳ ಮುಂದಿನ ಕಾಲುದಾರಿಯಲ್ಲಿ ಬೆತ್ತದ ಕುರ್ಚಿಗಳನ್ನು ಬೀದಿಗೆ ಅಭಿಮುಖವಾಗಿ ಇಟ್ಟು, ಸಣ್ಣ ದುಂಡುಮೇಜುಗಳ ಮೇಲೆ ತಟ್ಟೆ ಬಟ್ಟಲುಗಳನ್ನು ಇಕ್ಕಟ್ಟಾಗಿ ಹೊಂದಿಸಿಕೊಂಡು, ಹೋಗಿಬರುವವರನ್ನು ನೋಡುತ್ತ, ಮಾತಿನ ನಡುವೆ ಊಟವನ್ನೂ ಊಟದ ನಡುವೆ ಮಾತನ್ನೂ ಬೆಳೆಸುತ್ತ, ಎರಡೆರಡು ತಾಸು ಕುಳಿತಿರುವುದನ್ನು ಬಹುಕಾಲದಿಂದ ರೂಢಿಮಾಡಿಕೊಂಡು ಬಂದಿದ್ದಾರೆ. ಸುತ್ತಣ ಗಾಳಿ ಐದು ಡಿಗ್ರಿಯಲ್ಲಿರುವಾಗ, ತಲೆಯ ಮೇಲೊಂದು ಕೆಂಪಗೆ ಕಾದ ಸಲಾಕೆ ಇದ್ದ ಮಾತ್ರಕ್ಕೆ, ಬಯಲಿನಲ್ಲಿ ಕುಳಿತ ದೇಹಕ್ಕೆ ಸುಖವೆನಿಸುವುದು ಹೇಗೆ? ಕಾಯ್ದದ್ದು ಗಾಳಿಯಲ್ಲವಾದರೆ ಮತ್ತೇನು? ಆ ಸುಖಕ್ಕೆ ತೆರಬೇಕಾದ ಬೆಲೆಯೆಷ್ಟು? ಈ ಪ್ರಶ್ನೆಗಳನ್ನು ಬೆಂಬತ್ತಿ ಹೊರಟವನು ಭೌತಶಾಸ್ತ್ರದ ಒಂದು ಮಹಾನಿಯಮವನ್ನೂ, ಶರೀರಶಾಸ್ತ್ರದ ಒಂದು ರಮ್ಯವಾದ ಸತ್ಯವನ್ನೂ, ನಮ್ಮ ಕಾಲದ ಒಂದು ಶಾಸನವನ್ನೂ ಒಂದೇ ಮೇಜಿನ ಸುತ್ತ ಕಾಣುವನು.

ಫ್ರೆಂಚರು ಟೆರಾಸ್ ಎನ್ನುವ ಈ ಹೊರಜಗಲಿ ನಮ್ಮ ಮನೆಗಳ ಮೇಲಿನ ತಾರಸಿಯಲ್ಲ. ಅದು ನೆಲದ ಮೇಲೆ, ಬೀದಿಯ ಅಂಚಿನಲ್ಲೇ ಇರುವುದು. 1853ರಿಂದ 1870ರವರೆಗೆ ಸೇನ್ ಪ್ರಾಂತದ ಅಧಿಕಾರಿಯಾಗಿದ್ದ ಬ್ಯಾರನ್ ಓಸ್ಮಾನನು ಹಳೆಯ ಓಣಿಗಳನ್ನು ಒಡೆದು ವಿಶಾಲವಾದ ರಾಜಬೀದಿಗಳನ್ನು ತೆರೆದಾಗ ಅವುಗಳ ಎರಡು ಮಗ್ಗುಲಲ್ಲಿ ಅಗಲವಾದ ಕಾಲುದಾರಿಗಳು ಲಭ್ಯವಾದವು. ಕಾಫಿಗೃಹಗಳು ಅವುಗಳ ಮೇಲಕ್ಕೆ ಕುರ್ಚಿಗಳನ್ನು ಚಾಚಿದವು. ಚಳಿಗಾಲವೆಂದು ಆ ಕುರ್ಚಿಗಳನ್ನು ಒಳಗೆ ಎತ್ತಿಡುವುದು ವ್ಯಾಪಾರಿಗೆ ನಷ್ಟ, ಗಿರಾಕಿಗೆ ಬೇಸರ. ಆದಕಾರಣ ಕೆಂಡದ ಅಗ್ಗಿಷ್ಟಿಕೆಗಳು ಹೊರಗೆ ಬಂದವು. 1920ರ ದಶಕದಲ್ಲಿ ಪ್ಯಾರಿಸಿನಲ್ಲಿ ನೆಲಸಿದ್ದ ಅರ್ನೆಸ್ಟ್ ಹೆಮಿಂಗ್ವೇ, ಮರಣಾನಂತರ 1964ರಲ್ಲಿ ಪ್ರಕಟವಾದ ತನ್ನ ಪ್ಯಾರಿಸ್ ಸ್ಮೃತಿಗಳಲ್ಲಿ, ಒಳ್ಳೆಯ ಕಾಫಿಗೃಹಗಳ ಹೊರಗೆ ಚಳಿಗಾಲದಲ್ಲಿ ಅಗ್ಗಿಷ್ಟಿಕೆಗಳಿದ್ದುವೆಂದೂ ಅವುಗಳ ದೆಸೆಯಿಂದ ಹೊರಜಗಲಿಯಲ್ಲಿ ಬೆಚ್ಚಗೆ ಕೂರಬಹುದಾಗಿತ್ತೆಂದೂ ನೆನೆಯುತ್ತಾನೆ. ಕೆಂಡದ ಸ್ಥಾನಕ್ಕೆ ಮುಂದೆ ಅನಿಲವೂ ವಿದ್ಯುತ್ತೂ ಬಂದವು. 2008ರ ಜನವರಿ 1ರಿಂದ ಕಾಫಿಗೃಹಗಳ ಒಳಗೆ ಧೂಮಪಾನ ನಿಷಿದ್ಧವಾಗಿ, ಸೇದುವವರೆಲ್ಲ ಹೊರಗೆ ಬಂದು ಕೂರತೊಡಗಿದ ಮೇಲೆ, ಕೊಡೆಯಾಕಾರದ ಅನಿಲಕಾವಲಿಗಳೂ (ಗ್ಯಾಸ್ ಹೀಟರುಗಳೂ) ಚಪ್ಪರದ ಅಂಚಿಗೆ ಬಿಗಿದ ಕೆಂಪು ದೀಪಗಳೂ ಆ ನಗರದ ಚಳಿಗಾಲದ ರಾತ್ರಿಗಳ ಸಾಮಾನ್ಯ ದೃಶ್ಯವೇ ಆಗಿಹೋದವು.

ಇನ್ನು ದೇಹದ ಲೆಕ್ಕವನ್ನು ನೋಡೋಣ. ಸುಮ್ಮನೆ ಕುಳಿತಿರುವ ಪ್ರಾಯದ ಮನುಷ್ಯನ ಶರೀರವು ಸುಮಾರು 100 ವಾಟ್ ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಉಂಡನಂತರ ಜೀರ್ಣಕ್ರಿಯೆಯ ಕಾರಣದಿಂದ ಅದು ತುಸು ಹೆಚ್ಚುತ್ತದೆ. ಈ ಶಾಖವು ಹುಟ್ಟಿದ ವೇಗದಲ್ಲಿಯೇ ಹೊರಕ್ಕೆ ಹೋಗುತ್ತಿರಬೇಕು. ಅದಕ್ಕಿಂತ ನಿಧಾನವಾದರೆ ಸೆಕೆ, ವೇಗವಾದರೆ ಚಳಿ. ಹೊರಹೋಗುವ ದಾರಿಗಳು ನಾಲ್ಕು: ಮುಟ್ಟಿದ ವಸ್ತುವಿಗೆ ವಹನದಿಂದ, ಸೋಕಿ ಹೋಗುವ ಗಾಳಿಗೆ ಸಂವಹನದಿಂದ, ಬೆವರು ಉಸಿರುಗಳ ಮೂಲಕ ಬಾಷ್ಪೀಭವನದಿಂದ, ಮತ್ತು ಯಾವ ಮಾಧ್ಯಮದ ನೆರವೂ ಇಲ್ಲದೆ ಸುತ್ತಣ ಗೋಡೆ, ನೆಲ, ಆಕಾಶಗಳಿಗೆ ವಿಕಿರಣದಿಂದ. ಒಳಕೋಣೆಯಲ್ಲಿ ಕುಳಿತವನಿಗೆ ಈ ನಾಲ್ಕನೆಯ ದಾರಿ ಉಂಟೆಂಬ ಅರಿವೇ ಇರುವುದಿಲ್ಲ. ಗೋಡೆಗಳೂ ಅವನತ್ತ ಅದೇ ಬಗೆಯ ಕಿರಣಗಳನ್ನು ಬೀರಿ, ಕೊಟ್ಟದ್ದರ ಬಹುಭಾಗವನ್ನು ಹಿಂದಿರುಗಿಸುವುದೇ ಇದಕ್ಕೆ ಕಾರಣ. ಬಯಲಿನಲ್ಲಿ ಈ ಕೊಡುಕೊಳ್ಳುವಿಕೆಯ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ.

ಚಳಿಯನ್ನು ಹೋಗಲಾಡಿಸಬೇಕಾದರೆ ಗಾಳಿಯನ್ನು ಬಿಸಿಮಾಡಬೇಕೆಂಬುದು ನಮಗೆ ಸಹಜವಾಗಿ ತೋರುವ ಉಪಾಯ. ಮುಚ್ಚಿದ ಕೋಣೆಯಲ್ಲಿ ಅದು ಸರಿಯೂ ಹೌದು. ಬಯಲಿನಲ್ಲಿ ಅದೇಕೆ ವ್ಯರ್ಥವೆಂಬುದಕ್ಕೆ ಒಂದು ಸಣ್ಣ ಗಣಿತ ಸಾಕು. ಒಂದು ಮೇಜಿನ ಸುತ್ತಣ ಆವರಣವು 3 ಮೀಟರ್ ಅಗಲ, 2 ಮೀಟರ್ ಎತ್ತರವಾಗಿದೆಯೆಂದೂ, ಅದರ ಮೂಲಕ ಸೆಕೆಂಡಿಗೆ 1 ಮೀಟರ್ ವೇಗದ, ಎಂದರೆ ಕೆನ್ನೆಗೆ ತಾಗಿತೋ ಇಲ್ಲವೋ ಎನ್ನುವಷ್ಟು ಮಂದವಾದ ಗಾಳಿ ಹಾದುಹೋಗುತ್ತಿದೆಯೆಂದೂ ಭಾವಿಸಿರಿ. ಪ್ರತಿ ಸೆಕೆಂಡಿಗೂ 6 ಘನಮೀಟರ್, ತೂಕದಲ್ಲಿ ಸುಮಾರು ಏಳೂವರೆ ಕಿಲೋಗ್ರಾಂ ಗಾಳಿ ಆ ಮೇಜನ್ನು ದಾಟಿ ಹೋಗುತ್ತದೆ. ಅಷ್ಟು ಗಾಳಿಯನ್ನು ಒಂದೇ ಒಂದು ಡಿಗ್ರಿ ಬಿಸಿಮಾಡುವುದಕ್ಕೆ ಏಳೂವರೆ ಕಿಲೋವಾಟ್ ಬೇಕು. ಹತ್ತು ಡಿಗ್ರಿ ಏರಿಸಬೇಕಾದರೆ 75 ಕಿಲೋವಾಟ್. ಇಷ್ಟನ್ನು ಸುರಿದರೂ ಬಿಸಿಯಾದ ಗಾಳಿ ಮೇಜಿನ ಬಳಿ ನಿಲ್ಲುವುದಿಲ್ಲ. ಹಗುರಾಗಿ ಮೇಲಕ್ಕೇರಿ ಮರುಕ್ಷಣದಲ್ಲಿ ನಗರದ ಆಕಾಶಕ್ಕೆ ಸೇರಿಹೋಗುತ್ತದೆ. ಬಯಲಿನಲ್ಲಿ ಬೆಚ್ಚಗಾಗಬೇಕಾದವನು ಗಾಳಿಯನ್ನು ಅದರ ಪಾಡಿಗೆ ಬಿಟ್ಟು ಬೇರೆ ಮಾರ್ಗವನ್ನು ಹಿಡಿಯತಕ್ಕದ್ದು.

ಆ ಮಾರ್ಗವನ್ನು ಮೊದಲು ಕಂಡವನು ಖಗೋಲಜ್ಞ ವಿಲಿಯಂ ಹರ್ಷೆಲ್. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದು ಪ್ರಖ್ಯಾತನಾಗಿದ್ದ ಈತನು 1800ರಲ್ಲಿ ಸೂರ್ಯನನ್ನು ದೂರದರ್ಶಕದಿಂದ ವೀಕ್ಷಿಸುವುದಕ್ಕೆ ತಕ್ಕ ಬಣ್ಣದ ಗಾಜುಗಳನ್ನು ಅರಸುತ್ತಿರುವಾಗ, ಕೆಲವು ಗಾಜುಗಳು ಬೆಳಕನ್ನು ಕಡಿಮೆ ಬಿಟ್ಟರೂ ಕಣ್ಣಿಗೆ ಕಾವನ್ನು ಹೆಚ್ಚಾಗಿ ಬಿಡುವುದನ್ನು ಗಮನಿಸಿದನು. ಬೆಳಕೂ ಕಾವೂ ಒಟ್ಟಿಗೆ ಬಂದರೂ ಅವುಗಳ ಪ್ರಮಾಣ ಬಣ್ಣಬಣ್ಣಕ್ಕೆ ಬೇರೆಯಾಗಿರಬಹುದೆಂಬ ಸಂಶಯ ಅವನ ಮನಸ್ಸಿನಲ್ಲಿ ಮೊಳೆಯಿತು. ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಹರಡಿ, ಮಸಿ ಬಳಿದ ಬುರುಡೆಯ ಉಷ್ಣಮಾಪಕವನ್ನು ಬೇರೆ ಬೇರೆ ಬಣ್ಣಗಳಲ್ಲಿ ಇಟ್ಟು ನೋಡಿದನು. ನೇರಿಳೆಯಿಂದ ಕೆಂಪಿನ ಕಡೆಗೆ ಸರಿದಂತೆಲ್ಲ ಉಷ್ಣತೆ ಏರಿತು. ಕೆಂಪಿನ ಅಂಚನ್ನು ದಾಟಿ, ಕಣ್ಣಿಗೆ ಕತ್ತಲೆಯೆಂದೇ ತೋರುವ ಸ್ಥಳದಲ್ಲಿ ಇಟ್ಟಾಗ, ಮತ್ತಷ್ಟು ಏರಿತು. ಬೆಳಕಿಲ್ಲದ ಎಡೆಯಲ್ಲಿ ಬೆಳಕಿನಂತೆಯೇ ಹರಿಯುವ, ಬೆಳಕಿನಂತೆಯೇ ಪ್ರತಿಫಲಿಸುವ, ವಕ್ರೀಭವಿಸುವ ಕಿರಣಗಳುಂಟು ಎಂದು ಅವನು ಸಿದ್ಧಪಡಿಸಿದನು. ನಾವಿಂದು ಅವಕೆಂಪು ಕಿರಣಗಳೆನ್ನುವುದು ಇವನ್ನೇ. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಅಲ್ಪ ಸಾಮಗ್ರಿಯಿಂದ ಇಷ್ಟು ದೊಡ್ಡ ಬಾಗಿಲು ತೆರೆದ ಪ್ರಯೋಗಗಳು ವಿರಳವೆಂದು ನನಗೆ ತೋರುತ್ತದೆ: ಒಂದು ಗಾಜಿನ ಪಟ್ಟಕ, ಕೆಲವು ಉಷ್ಣಮಾಪಕಗಳು, ಕಿಟಕಿಯಿಂದ ಬಂದ ಬಿಸಿಲು; ಮಿಕ್ಕದ್ದೆಲ್ಲವೂ ಕತ್ತಲೆಯಲ್ಲಿಯೂ ಅಳೆದು ನೋಡಬೇಕೆಂಬ ಆ ಮನಸ್ಸಿನ ಪ್ರಾಮಾಣಿಕತೆ.

ಕಾದ ವಸ್ತುವೊಂದು ಇಂತಹ ಕಿರಣಗಳನ್ನು ಎಷ್ಟು ಬೀರುತ್ತದೆಂಬುದು ಇನ್ನೂ ಎಂಟು ದಶಕಗಳವರೆಗೆ ತಿಳಿಯಲಿಲ್ಲ. ವಿಯೆನ್ನಾದ ಪ್ರಾಧ್ಯಾಪಕ ಯೋಸೆಫ್ ಸ್ಟೆಫಾನ್ 1879ರಲ್ಲಿ ಇತರರ ಅಳತೆಗಳನ್ನು ಮುಂದಿಟ್ಟುಕೊಂಡು ಯೋಚಿಸುತ್ತಿದ್ದಾಗ, ಜಾನ್ ಟಿಂಡಲನ ಪ್ರಯೋಗದಿಂದ ಬಂದ ಒಂದು ಸಂಖ್ಯೆ ಅವನ ಗಮನವನ್ನು ಸೆಳೆಯಿತು. ಪ್ಲಾಟಿನಂ ತಂತಿಯೊಂದನ್ನು ವಿದ್ಯುತ್ತಿನಿಂದ ಕಾಯಿಸಿದಾಗ, ಮಬ್ಬುಗೆಂಪಾಗಿ 525 ಡಿಗ್ರಿಯಲ್ಲಿದ್ದಾಗಿನ ವಿಕಿರಣಕ್ಕಿಂತ ಬೆಳ್ಳಗೆ ಕಾದು 1200 ಡಿಗ್ರಿಗೆ ಬಂದಾಗಿನ ವಿಕಿರಣ 11.7 ಪಟ್ಟು ಅಧಿಕವಾಗಿತ್ತು. ಸ್ಟೆಫಾನನು ಈ ಎರಡು ಉಷ್ಣತೆಗಳನ್ನೂ ನಿರಪೇಕ್ಷ ಮಾನಕ್ಕೆ ತಂದನು: 798 ಮತ್ತು 1473. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ಬಂದ ಫಲವನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ ಸಿಕ್ಕುವುದು 11.6. ಹೀಗೆ ವಿಕಿರಣವು ನಿರಪೇಕ್ಷ ಉಷ್ಣತೆಯ ಚತುರ್ಘಾತಕ್ಕೆ ಅನುಗುಣವಾಗಿರುತ್ತದೆಂಬ ನಿಯಮ ಹುಟ್ಟಿತು. 1884ರಲ್ಲಿ ಅವನ ಶಿಷ್ಯ ಲುಡ್ವಿಗ್ ಬೋಲ್ಟ್ಸ್‌ಮನ್ ಅದನ್ನು ಉಷ್ಣಗತಿಶಾಸ್ತ್ರದ ಮೂಲತತ್ತ್ವಗಳಿಂದಲೇ ಸಾಧಿಸಿ ತೋರಿಸಿದನು. ಉಷ್ಣತೆ ಎರಡು ಪಟ್ಟಾದರೆ ವಿಕಿರಣ ಹದಿನಾರು ಪಟ್ಟಾಗುವುದೆಂಬ ಈ ನಿಯಮದಲ್ಲಿಯೇ ಹೊರಜಗಲಿಯ ಊಟದ ರಹಸ್ಯ ಅಡಗಿದೆ.

ಏಕೆಂದರೆ ನಮ್ಮ ಮುಖದ ಚರ್ಮವು 33 ಡಿಗ್ರಿಯಲ್ಲಿದ್ದು ಚದರ ಮೀಟರಿಗೆ ಸುಮಾರು 497 ವಾಟಿನಂತೆ ವಿಕಿರಣವನ್ನು ಬೀರುತ್ತಿರುತ್ತದೆ. 22 ಡಿಗ್ರಿಯ ಕೋಣೆಯ ಗೋಡೆಗಳು 429 ವಾಟನ್ನು ಹಿಂದಿರುಗಿಸುವುದರಿಂದ ಅಲ್ಲಿಯ ನಿವ್ವಳ ನಷ್ಟ 68. ಐದು ಡಿಗ್ರಿಯ ಬೀದಿ ಹಿಂದಿರುಗಿಸುವುದು 339 ಮಾತ್ರವಾದ್ದರಿಂದ ಇಲ್ಲಿಯ ನಷ್ಟ 158. ಎರಡಕ್ಕೂ ಇರುವ ಅಂತರ 90 ವಾಟ್. ಗಾಳಿ ಕೊಂಡೊಯ್ಯುವ ಶಾಖ ಇದಕ್ಕಿಂತಲೂ ಹೆಚ್ಚಿನದಾಗಬಹುದಾದರೂ, ಅದನ್ನು ಬಹುಮಟ್ಟಿಗೆ ಉಡುಪೂ ಮರೆಯೂ ತಡೆಯಬಲ್ಲವು. ಇನ್ನು 800 ಡಿಗ್ರಿಗೆ ಕಾದ ಲೋಹದ ಫಲಕದ ಕಡೆಗೆ ನೋಡಿರಿ. ಅದು ಚದರ ಮೀಟರಿಗೆ ಹೆಚ್ಚುಕಡಿಮೆ 75,000 ವಾಟನ್ನು, ಎಂದರೆ ನಮ್ಮ ಮುಖಕ್ಕಿಂತ ನೂರೈವತ್ತು ಪಟ್ಟು ವಿಕಿರಣವನ್ನು ಹೊಮ್ಮಿಸುತ್ತದೆ; ಹತ್ತು ಸೆಂಟಿಮೀಟರ್ ಉದ್ದಗಲದ ಒಂದು ತುಂಡಿನಿಂದ ಹೊರಡುವುದೇ 750 ವಾಟ್. ಈ ಕಿರಣಗಳು ನಡುವಣ ಶುದ್ಧಶೀತಲ ಗಾಳಿಯನ್ನು ಅಷ್ಟಾಗಿ ಕಾಯಿಸದೆ ದಾಟಿ ಬಂದು, ಕೆನ್ನೆಯನ್ನು ಮುಟ್ಟಿದಲ್ಲಿ ಮಾತ್ರ ಶಾಖವಾಗಿ ಪರಿಣಮಿಸುತ್ತವೆ. ಚಳಿಗಾಳಿಯನ್ನು ಉಸಿರಾಡುತ್ತಲೇ ಬೆಚ್ಚಗಿರುವುದು ಸಾಧ್ಯವಾಗುವುದು ಹೀಗೆ. ಹಿಮಪರ್ವತದ ಮೇಲಣ ಎಳೆಬಿಸಿಲಿನ ಹಿತವೂ ಇದೇ ತತ್ತ್ವದ್ದು.

ಕಾಯಿಸುವ ಉಪಕರಣಗಳಲ್ಲಿ ಜಾತಿಭೇದಗಳುಂಟು. ಕಾವು ಏರಿದಂತೆ ವಿಕಿರಣದ ತರಂಗಾಂತರ ಕಿರಿದಾಗುತ್ತ ಹೋಗುತ್ತದೆ. ಕೆಂಪಗೆ ಕಾದ ಲೋಹದ ವಿಕಿರಣ ಸುಮಾರು ಎರಡೂವರೆ ಮೈಕ್ರಾನಿನ ಬಳಿ ಶಿಖರವನ್ನು ಮುಟ್ಟಿದರೆ, ಎರಡು ಸಾವಿರ ಡಿಗ್ರಿಯನ್ನು ಮೀರಿದ ಸ್ಫಟಿಕನಳಿಗೆಯ ದೀಪದ್ದು ಒಂದೂಕಾಲು ಮೈಕ್ರಾನಿನ ಸಮೀಪದಲ್ಲಿರುತ್ತದೆ. ನಮ್ಮ ದೇಹದ ವಿಕಿರಣದ ಶಿಖರ ಒಂಬತ್ತೂವರೆ ಮೈಕ್ರಾನ್. ಚರ್ಮದಲ್ಲಿ ನೀರಿನ ಅಂಶ ಬಹಳ. ನೀರು ಮೂರು ಮೈಕ್ರಾನಿನ ಆಸುಪಾಸಿನ ಕಿರಣಗಳನ್ನು ಅತಿಪ್ರಬಲವಾಗಿ ಹೀರುವುದರಿಂದ ಅವು ಮೇಲ್ದೊಗಲಿನಲ್ಲಿಯೇ ಲಯಿಸಿ ತಟ್ಟನೆ ಬಿಸಿ ಎನಿಸುತ್ತವೆ. ಕಿರಿಯ ತರಂಗಾಂತರದವು ಕೆಲವು ಮಿಲಿಮೀಟರುಗಳಷ್ಟು ಒಳಹೊಕ್ಕು ಹರಡಿಕೊಂಡು ಕಾಯಿಸುತ್ತವೆ. ಭೋಜನದ ದೃಷ್ಟಿಯಿಂದ ಇನ್ನೂ ಒಂದು ಭೇದವುಂಟು: ತೀರ ಕಾದ ದೀಪವು ಅವಕೆಂಪಿನೊಡನೆ ಕಣ್ಣಿಗೆ ಕಾಣುವ ಕೆಂಬೆಳಕನ್ನೂ ಚೆಲ್ಲುವುದರಿಂದ, ಅದರ ಅಡಿಯಲ್ಲಿ ಹಸಿರು ಸೊಪ್ಪು ಮಂಕಾಗಿಯೂ ಬಿಳಿಯ ಅನ್ನ ಕೆಂಪಾಗಿಯೂ ತೋರುತ್ತವೆ. ತಟ್ಟೆಯಲ್ಲಿರುವುದರ ನಿಜವಾದ ಬಣ್ಣವನ್ನು ನೋಡಿಕೊಂಡು ಉಣ್ಣುವುದು ಊಟದ ಸುಖದಲ್ಲಿ ಅರ್ಧವೆಂದು ನಂಬಿದ ನನ್ನಂತಹವರಿಗೆ ಮಬ್ಬುಗೆಂಪಿನ ಸಲಾಕೆಯೇ ಪ್ರಿಯ.

ತಲೆಯ ಮೇಲಣ ಬಟ್ಟೆಯ ಚಪ್ಪರಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಮೋಡವಿಲ್ಲದ ಇರುಳಿನಲ್ಲಿ ಆಕಾಶವು ವಿಕಿರಣದ ಲೆಕ್ಕದಲ್ಲಿ ನೆಲದ ಬಳಿಯ ಗಾಳಿಗಿಂತ ಎಷ್ಟೋ ಡಿಗ್ರಿ ತಣ್ಣಗಿರುತ್ತದೆ. ಬಯಲಲ್ಲಿ ನಿಲ್ಲಿಸಿದ ಬಂಡಿಯ ಮಾಡಿನ ಮೇಲೆ ಇಬ್ಬನಿ ಕಟ್ಟಿದರೂ ಮರದಡಿಯ ಬಂಡಿ ಒಣಗಿಯೇ ಇರುವುದು ಇದರಿಂದಲೇ. ಚಪ್ಪರವೊಂದನ್ನು ಬಿಚ್ಚಿದೊಡನೆ ಊಟಕ್ಕೆ ಕುಳಿತವನು ಆ ಶೀತಲವಾದ ಆಕಾಶಕ್ಕೆ ಮರೆಯಾಗಿ, ಹೆಚ್ಚುಕಡಿಮೆ ಗಾಳಿಯಷ್ಟೇ ಉಷ್ಣತೆಯುಳ್ಳ ಬಟ್ಟೆಗೆ ಎದುರಾಗುತ್ತಾನೆ. ಒಂದು ಕಾಸಿನ ಇಂಧನವೂ ಖರ್ಚಾಗದೆ ಆತನ ನಷ್ಟ ತಗ್ಗುತ್ತದೆ.

ಇಷ್ಟೆಲ್ಲ ಹೇಳಿದಮೇಲೂ ಮುಖ್ಯವಾದ ಮಾತು ಉಳಿದೇ ಇದೆ. ಬೆಚ್ಚನೆಯ ಕೋಣೆಯೊಳಗೆ ಕುಳಿತು ಉಣ್ಣುವುದಕ್ಕೆ ಅಡ್ಡಿಯಿಲ್ಲದಿರುವಾಗಲೂ ಜನರು ಹೊರಗಿನ ಅರ್ಧಬಿಸಿ ಅರ್ಧಚಳಿಯನ್ನು ಬಯಸಿ ಬರುವುದೇಕೆ? ಬೀದಿಯ ನೋಟವೂ ನಾಲ್ಕು ಜನರ ಸಹವಾಸವೂ ಇದಕ್ಕೆ ಕಾರಣಗಳೆಂಬುದು ನಿಜ. ಆದರೆ ಶರೀರಶಾಸ್ತ್ರವು ಇದಕ್ಕಿಂತ ಆಳವಾದ ಉತ್ತರವೊಂದನ್ನು ಕೊಡುತ್ತದೆ. ಲಿಯೋನ್ ನಗರದ ಶರೀರವಿಜ್ಞಾನಿ ಮಿಷೆಲ್ ಕಬನಾಕ್ ಜನರನ್ನು ತಣ್ಣೀರಿನ ಇಲ್ಲವೆ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಕೂರಿಸಿ, ಒಂದು ಕೈಯನ್ನು ಮಾತ್ರ ಬೇರೆ ಬೇರೆ ಉಷ್ಣತೆಯ ನೀರಿನಲ್ಲಿ ಅದ್ದುವಂತೆ ಮಾಡಿ, ಪ್ರತಿಯೊಂದು ಹಿತವೋ ಅಹಿತವೋ ಎಂದು ಕೇಳುತ್ತ ಬಂದನು. ಮೈ ತಣ್ಣಗಾಗಿದ್ದವರಿಗೆ, ಬೇರೆ ವೇಳೆಯಲ್ಲಿ ಸಹಿಸಲಸಾಧ್ಯವೆನಿಸುವ ಬಿಸಿನೀರೇ ಪರಮಸುಖವಾಗಿತ್ತು. ಮೈ ಕಾದವರಿಗೆ ಅದೇ ನೀರು ಅಸಹ್ಯವಾಗಿ, ಕೊರೆಯುವ ತಣ್ಣೀರೇ ಅಮೃತವಾಗಿತ್ತು. 1971ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ಸಾರವಿದು: ಸುಖವೆಂಬುದು ವಸ್ತುವಿನ ಗುಣವಲ್ಲ, ದೇಹದ ಆ ಕ್ಷಣದ ಅಗತ್ಯಕ್ಕೂ ವಸ್ತುವಿಗೂ ಕೂಡಿಬಂದ ಸಂಬಂಧ. ದೇಹವನ್ನು ಸಮಸ್ಥಿತಿಯ ಕಡೆಗೆ ಮರಳಿಸುವುದೆಲ್ಲ ಆಗ ಹಿತವೆನಿಸುತ್ತದೆ. ಸಮಸ್ಥಿತಿಯನ್ನು ಮುಟ್ಟಿದಮೇಲೆ ಆ ಹಿತವೂ ಕರಗಿಹೋಗುತ್ತದೆ. ಇಪ್ಪತ್ತೆರಡು ಡಿಗ್ರಿಯ ಕೋಣೆಯಲ್ಲಿ ಕಷ್ಟವಿಲ್ಲ, ಅಂತೆಯೇ ವಿಶೇಷವಾದ ಸುಖವೂ ಇಲ್ಲ. ಹೊರಜಗಲಿಯಲ್ಲಾದರೋ ಬೆನ್ನು ತಣ್ಣಗಾಗುತ್ತ ಮುಖ ಕಾಯುತ್ತಿರುತ್ತದೆ; ಗಾಳಿ ಬೀಸಿದಾಗಲೆಲ್ಲ ಅಗತ್ಯ ಹೊಸದಾಗಿ ಹುಟ್ಟಿ, ಬಿಸುಪು ಅದನ್ನು ಹೊಸದಾಗಿ ತಣಿಸುತ್ತದೆ.

ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ತೋಟದಿಂದ ತೊಯ್ದು ಬಂದವರು ಬಚ್ಚಲೊಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಚಳಿ ಕಾಯಿಸುವಾಗ ಮೊಣಕಾಲೂ ಅಂಗೈಯೂ ಸುಡುವಂತಿದ್ದು ಬೆನ್ನಿಗೆ ಹಿತ್ತಲ ಬಾಗಿಲಿನ ಶೀತ ತಾಗುತ್ತಿರುತ್ತದೆ. ಆದರೂ ಯಾರೂ ಅಲ್ಲಿಂದ ಏಳಲೊಲ್ಲರು. ಕಬನಾಕನು ತೊಟ್ಟಿಯ ನೀರಿನಲ್ಲಿ ಅಳೆದದ್ದನ್ನೇ ನಮ್ಮ ಹಿರಿಯರು ಒಲೆಯ ಮುಂದೆ ಅನುಭವಿಸಿದ್ದರು. ಬಿಸಿಬಿಸಿಯಾದ ಖಾರದ ಸಾರಿಗೂ ಈ ಕಥೆಯಲ್ಲಿ ಒಂದು ಪಾತ್ರವುಂಟು. ಡೇವಿಡ್ ಜೂಲಿಯಸ್ ಮತ್ತು ಅವನ ಸಹೋದ್ಯೋಗಿಗಳು 1997ರಲ್ಲಿ ನರತಂತುಗಳಲ್ಲಿ ಗುರುತಿಸಿದ ಗ್ರಾಹಕವೊಂದು 43 ಡಿಗ್ರಿಗೆ ಮೀರಿದ ಬಿಸಿಗೆ ಹೇಗೆ ತೆರೆದುಕೊಳ್ಳುತ್ತದೆಯೋ ಹಾಗೆಯೇ ಮೆಣಸಿನಕಾಯಿಯ ಖಾರದ್ರವ್ಯಕ್ಕೂ ತೆರೆದುಕೊಳ್ಳುತ್ತದೆ. ಸ್ಪರ್ಶ ಮತ್ತು ಉಷ್ಣಗಳ ಗ್ರಾಹಕಗಳ ಶೋಧಕ್ಕಾಗಿ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇಬ್ಬರಿಗೂ 2021ರ ನೊಬೆಲ್ ಪಾರಿತೋಷಕ ಸಂದಿತು. ಖಾರವನ್ನು ನಾಲಗೆ ಬಿಸಿಯೆಂದು ಅರಿಯುವುದು ಕವಿಸಮಯವಲ್ಲ, ನರಗಳ ಮಟ್ಟಿಗೆ ಅಕ್ಷರಶಃ ಸತ್ಯ.

ಈ ಸುಖಕ್ಕೂ ಒಂದು ಎಲ್ಲೆಯುಂಟು. ಕಾವು ಒಂದೇ ಕಡೆಯಿಂದ, ಅದರಲ್ಲಿಯೂ ನೆತ್ತಿಯ ಮೇಲಿನಿಂದ ಬಂದರೆ ದೇಹ ಬೇಗನೆ ತಕರಾರು ತೆಗೆಯುತ್ತದೆ. ಡೆನ್ಮಾರ್ಕಿನ ಓಲೆ ಫಾಂಗರ್ ಮತ್ತು ಅವನ ಬಳಗದವರು ಕೋಣೆಗಳಲ್ಲಿ ನಡೆಸಿದ ಪರೀಕ್ಷೆಗಳಿಂದ, ಬಿಸಿಯಾದ ಗೋಡೆಯ ಏರುಪೇರನ್ನು ನಾವು ಇಪ್ಪತ್ತು ಡಿಗ್ರಿಗೂ ಮೇಲ್ಪಟ್ಟು ಸಹಿಸಿಕೊಳ್ಳುತ್ತೇವೆಂದೂ, ಬಿಸಿಯಾದ ಮೇಲ್ಛಾವಣಿಯದಾದರೆ ಐದೇ ಡಿಗ್ರಿಗೆ ಬೇಸರಪಡುವವರು ಕಾಣಿಸಿಕೊಳ್ಳುತ್ತಾರೆಂದೂ ಗೊತ್ತಾಗಿದೆ. ಕಿರಣಗಳು ನೇರವಾಗಿ ಚಲಿಸುವುದರಿಂದ ಮೇಜಿನ ಹಲಗೆಯೇ ಕಾಲುಗಳಿಗೆ ಅಡ್ಡವಾಗಿ ನೆರಳು ಹಾಕುತ್ತದೆ. ತಲೆ ಬಿಸಿ, ಪಾದ ತಣ್ಣಗೆ. ಚಳಿಯಲ್ಲಿ ದೇಹವು ರಕ್ತವನ್ನು ಮೊದಲು ಹಿಂದಕ್ಕೆ ಸೆಳೆದುಕೊಳ್ಳುವುದು ಪಾದಗಳಿಂದ ಮತ್ತು ಬೆರಳುಗಳಿಂದಲೇ. ಆದುದರಿಂದ ಬೇಕಾದ ಕಡೆ ಕಡಿಮೆ, ಬೇಡದ ಕಡೆ ಹೆಚ್ಚು ಎನ್ನುವಂತಾಗುತ್ತದೆ, ತಲೆಯ ಮೇಲೆ ನೇತುಹಾಕಿದ ಕಾವಲಿಯ ವ್ಯವಹಾರ.

ಬೆಲೆಯ ವಿಷಯಕ್ಕೆ ಬರೋಣ. ಕೊಡೆಯಾಕಾರದ ಅನಿಲಕಾವಲಿಯ ಶಕ್ತಿ ಪೂರ್ಣವಾಗಿ ಉರಿಯುವಾಗ ಸುಮಾರು 13 ಕಿಲೋವಾಟ್. ಅದು ಗಂಟೆಗೆ ಒಂದು ಕಿಲೋಗ್ರಾಂ ಅನಿಲವನ್ನು ಸುಟ್ಟು ಮೂರು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ನಮ್ಮ ಅಡುಗೆಮನೆಗೆ ಬರುವ ಗ್ಯಾಸ್ ಸಿಲಿಂಡರಿನಲ್ಲಿ ತುಂಬಿರುವುದು 14.2 ಕಿಲೋಗ್ರಾಂ. ಒಂದು ಸಣ್ಣ ಸಂಸಾರ ತಿಂಗಳಿಗೂ ಮಿಕ್ಕು ಅನ್ನ ಸಾರು ಬೇಯಿಸಿಕೊಳ್ಳುವ ಆ ಸಿಲಿಂಡರು ಹೊರಜಗಲಿಯ ಒಂದೇ ಕಾವಲಿಗೆ ಹದಿನಾಲ್ಕು ಗಂಟೆಗಳಲ್ಲಿ, ಎಂದರೆ ಎರಡು ಮೂರು ಸಂಜೆಗಳಲ್ಲಿ ಮುಗಿದುಹೋಗುತ್ತದೆ. ಉರಿದದ್ದರಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಬಿಸಿಹೊಗೆಯಾಗಿ ನೇರ ಆಕಾಶಕ್ಕೆ. ವಿಕಿರಣವಾದದ್ದರಲ್ಲಿಯೂ ಬಹುಪಾಲು ನೆಲಕ್ಕೆ, ಮೇಜಿಗೆ, ಬೀದಿಗೆ. ಸುತ್ತ ಕುಳಿತ ಎಂಟು ಜನರ ಮೈಮೇಲೆ ತಲಾ ನೂರು ವಾಟ್ ಬಿತ್ತೆಂದು ಉದಾರವಾಗಿ ಎಣಿಸಿದರೂ ಒಟ್ಟು 800. ಹದಿನಾರರಲ್ಲಿ ಒಂದು ಪಾಲು ಮಾತ್ರ ಮನುಷ್ಯನಿಗೆ ಸಂದು ಮಿಕ್ಕ ಹದಿನೈದು ಪಾಲು ನಗರದ ರಾತ್ರಿಗೆ ಅರ್ಪಿತವಾದಂತಾಯಿತು.

ಈ ಲೆಕ್ಕ ಫ್ರಾನ್ಸಿನಲ್ಲಿ ಸಾರ್ವಜನಿಕ ಚರ್ಚೆಯ ವಸ್ತುವಾಯಿತು. ಬ್ರಿಟನಿ ಪ್ರಾಂತದ ರೆನ್ ನಗರವು 2020ರ ಜನವರಿಯಿಂದಲೇ ತನ್ನ ಬೀದಿಗಳಲ್ಲಿ ಹೊರಜಗಲಿಯ ಕಾವಲಿಗಳನ್ನು ನಿಷೇಧಿಸಿತು. ಅದೇ ವರ್ಷ, ಚೀಟಿಯೆತ್ತಿ ಆರಿಸಿದ ನೂರೈವತ್ತು ಸಾಮಾನ್ಯ ಪ್ರಜೆಗಳ ಸಭೆಯೊಂದು ಹವಾಮಾನ ರಕ್ಷಣೆಗಾಗಿ ಸರ್ಕಾರಕ್ಕೆ ಒಪ್ಪಿಸಿದ ಸಲಹೆಗಳಲ್ಲಿ ಇದೂ ಒಂದಾಗಿತ್ತು. ಸಾಂಕ್ರಾಮಿಕದಿಂದ ನೊಂದ ಭೋಜನಗೃಹಗಳ ಮೇಲಿನ ಅನುಕಂಪದಿಂದ ಒಂದು ವರ್ಷ ಮುಂದೂಡಲ್ಪಟ್ಟು, ಕಡೆಗೆ 2022ರ ವಸಂತದಿಂದ ದೇಶಕ್ಕೆಲ್ಲ ನಿಷೇಧ ಜಾರಿಗೆ ಬಂದಿತು. ಮೀರಿದವರಿಗೆ 1,500 ಯೂರೋವರೆಗೆ ದಂಡ. ಗಟ್ಟಿಯಾದ ಗೋಡೆಗಳಿಂದಲೂ ಮಾಡಿನಿಂದಲೂ ಗಾಳಿಯಾಡದಂತೆ ಮುಚ್ಚಿದ ಜಗಲಿಗಳಿಗೆ ಮಾತ್ರ ವಿನಾಯಿತಿ.

ಫ್ರಾನ್ಸಿನ ವಿದ್ಯುತ್ತಿನ ಬಹುಭಾಗ ಅಣುಶಕ್ತಿಯಿಂದ ಬರುವುದರಿಂದ ವಿದ್ಯುತ್ಕಾವಲಿಯನ್ನೂ ಅನಿಲಕಾವಲಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂಬ ಆಕ್ಷೇಪಕ್ಕೆ ತಿರುಳಿಲ್ಲದೆ ಇಲ್ಲ. ಒಂದೂವರೆ ಎರಡು ಕಿಲೋವಾಟಿನ, ಮೇಜಿಗೆ ಗುರಿಯಿಟ್ಟ ಸಲಾಕೆ ಹದಿಮೂರು ಕಿಲೋವಾಟಿನ ಕೊಡೆಗಿಂತ ಎಷ್ಟೋ ಮಿತವ್ಯಯಿ ಎಂಬುದನ್ನು ಎಲ್ಲರೂ ಒಪ್ಪಬೇಕು. ಆದರೂ ಶಾಸನ ಸರಿಯೆಂದೇ ನನ್ನ ಅಭಿಪ್ರಾಯ. ಚಳಿಗಾಲದ ಸಂಜೆಯ ಹೊತ್ತು ಮನೆಮನೆಗಳಲ್ಲಿ ಶಾಖಕ್ಕಾಗಿ ವಿದ್ಯುತ್ತಿನ ಬೇಡಿಕೆ ಮೇರೆಮೀರುವ ಹೊತ್ತು. ಮುಚ್ಚಿದ ಮನೆಯೊಳಗೆ ವೃದ್ಧರನ್ನೂ ಮಕ್ಕಳನ್ನೂ ಬೆಚ್ಚಗಿಡಬೇಕಾದ ಶಕ್ತಿಯನ್ನು ಅದೇ ಹೊತ್ತಿನಲ್ಲಿ ಬಯಲಿಗೆ ಸುರಿಯುವುದು ಎಷ್ಟು ಹಿತವಾದರೂ ಸಾಧುವಲ್ಲ. ಅಲ್ಲದೆ, ಸುಖದ ಮೂಲ ದೇಹದ ಆ ಕ್ಷಣದ ಅಗತ್ಯದಲ್ಲಿದೆಯೆಂಬ ಕಬನಾಕನ ಮಾತು ದಿಟವಾದರೆ, ಬೀದಿಯನ್ನೆಲ್ಲ ಕಾಯಿಸಬೇಕಾದ ಅಗತ್ಯ ಎಂದೂ ಇರಲಿಲ್ಲ. ಬೇಕಾದದ್ದು ತಕ್ಕ ಜಾಗದಲ್ಲಿ ಅಲ್ಪ ಕಾವು.

ಇದನ್ನು ಕಂಡುಕೊಂಡ ಜನಾಂಗಗಳುಂಟು. ಜಪಾನಿನವರು ಕೊಟಾಟ್ಸು ಎಂಬ ತಗ್ಗುಮೇಜಿನ ಅಡಿಯಲ್ಲಿ ಕಾವನ್ನಿಟ್ಟು, ಮೇಲೆ ದಪ್ಪ ರಜಾಯಿಯನ್ನು ಹೊದಿಸಿ, ಇಡೀ ಸಂಸಾರದ ಕಾಲುಗಳನ್ನು ಅದರೊಳಗೆ ತೂರಿಸಿ ಕೂರುತ್ತಾರೆ. ಕೆಲವು ನೂರು ವಾಟುಗಳಲ್ಲಿ ಮನೆಮಂದಿಗೆಲ್ಲ ಸುಖ. ಸ್ಪೇನಿನಲ್ಲಿ ದುಂಡುಮೇಜಿನ ಕೆಳಗೆ ಕೆಂಡದ ಹರಿವಾಣವನ್ನಿಟ್ಟು ಉದ್ದನೆಯ ಬಟ್ಟೆಯನ್ನು ಇಳಿಬಿಡುವ ಪದ್ಧತಿಯಿತ್ತು. ಕಾಶ್ಮೀರದವರು ಬೆತ್ತ ಹೆಣೆದ ಮಣ್ಣಿನ ಕಾಂಗ್ಡಿಯಲ್ಲಿ ಹಿಡಿಯಷ್ಟು ಕೆಂಡವನ್ನು ಹಾಕಿ, ಫೆರನ್ ಎಂಬ ಸಡಿಲ ನಿಲುವಂಗಿಯೊಳಗೆ ಹಿಡಿದುಕೊಂಡೇ ಬೀದಿಯಲ್ಲಿ ನಡೆದಾಡುತ್ತಾರೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹುಟ್ಟುವ ಇಂಗಾಲದ ಮಾನಾಕ್ಸೈಡ್ ಪ್ರಾಣಾಂತಿಕವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆದರೆ ತತ್ತ್ವ ಮಾತ್ರ ಎಲ್ಲ ಕಡೆಯೂ ಒಂದೇ. ಇವರಾರೂ ಗಾಳಿಯನ್ನು ಕಾಯಿಸಹೋಗಲಿಲ್ಲ. ಮನುಷ್ಯನನ್ನು, ಅದರಲ್ಲಿಯೂ ಅವನ ಕೈಕಾಲುಗಳನ್ನು ಕಾಯಿಸಿದರು. ಕುರ್ಚಿಯ ಆಸನದಲ್ಲಿ ಹುದುಗಿಸಿದ ಕೆಲವೇ ಹತ್ತು ವಾಟಿನ ತಂತಿ, ಮಡಿಲಿಗೊಂದು ಉಣ್ಣೆಯ ಹೊದಿಕೆ, ಗಾಳಿ ಬರುವ ಕಡೆ ಗಾಜಿನ ಮರೆ, ತಲೆಯ ಮೇಲೆ ಚಪ್ಪರ: ಇವು ಕೂಡಿದರೆ ಹಳೆಯ ಕಾವಲಿಯ ನೂರರಲ್ಲಿ ಒಂದೆರಡು ಪಾಲಿನ ಶಕ್ತಿಯಿಂದ ಬಯಲ ಭೋಜನ ಸಾಂಗವಾಗಿ ನಡೆಯುತ್ತದೆ. ಬೆಂಗಳೂರಿನ ಮಹಡಿಯ ಮೇಲಣ ಭೋಜನಶಾಲೆಗಳಿಗಂತೂ ಡಿಸೆಂಬರಿನಲ್ಲಿಯೂ ಸಾಮಾನ್ಯವಾಗಿ ಹದಿನೈದು ಡಿಗ್ರಿಗಿಂತ ಹೆಚ್ಚು ಕೆಳಗಿಳಿಯದ ರಾತ್ರಿಯಲ್ಲಿ ಒಂದು ಶಾಲಿನ ಹೊರತು ಬೇರೇನೂ ಬೇಕಾಗದು.

ಚಳಿಗಾಲದಲ್ಲಿ ಪ್ಯಾರಿಸಿಗೆ ಹೋಗುವ ಯೋಗ ನಿಮಗೆ ಒದಗಿದರೆ, ಕಾವಲಿಗಳು ಆರಿಹೋದವೆಂದು ಹೊರಜಗಲಿಯನ್ನು ತೊರೆಯಬೇಡಿರಿ. ಚಪ್ಪರದ ಅಡಿಯಲ್ಲಿ, ಹಗಲಿನ ಶಾಖವನ್ನು ಇನ್ನೂ ಇರಿಸಿಕೊಂಡಿರುವ ಗೋಡೆಗೆ ಬೆನ್ನಾಗಿ, ಗಾಳಿಗೆ ಮರೆಯಾದ ಮೂಲೆಯ ಕುರ್ಚಿಯನ್ನು ಆರಿಸಿಕೊಳ್ಳಿರಿ. ಕೋಟಿಗಿಂತ ಮೊದಲು ಉಣ್ಣೆಯ ಕಾಲುಚೀಲಕ್ಕೆ ಗಮನ ಕೊಡಿರಿ. ಮಡಿಲ ಹೊದಿಕೆಯನ್ನು ಕೇಳಿ ಪಡೆಯಿರಿ. ಈರುಳ್ಳಿಯ ಬಿಸಿ ಸೂಪು ಬಂದೊಡನೆ ಬಟ್ಟಲನ್ನು ಎರಡು ಕೈಗಳಿಂದಲೂ ಹಿಡಿದು, ಆರುವುದಕ್ಕೆ ಮೊದಲು ಕುಡಿಯಿರಿ.